ಗಲ್ಲಾದ ಮೇಲೆ ಚಿಕ್ಕ ಲ್ಯಾಪ್‌ಟಾಪ್ ಸಾಕೇ?



ನಮ್ಮವರು ನಾಲ್ಕು ಜನ ಸೇರಿದಲ್ಲಿ ಈಗ ಕೇಳಿಬರುವ ಪ್ರಶ್ನೆ ಒಂದೇ: “ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಚಿಕ್ಕ ಲ್ಯಾಪ್‌ಟಾಪ್ ಸಿಗುತ್ತದಂತೆ, ಹೋಟೆಲಿಗೆ ಆದೀತೇ?” ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರ್ ಪಂಡಿತನಲ್ಲ. ಆದರೆ ಮುಂಬಯಿಯ ನನ್ನ ಹೋಟೆಲಿನಲ್ಲಿ ಇಂಥದ್ದೊಂದು ಇರುವುದರಿಂದ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಇದು ಹೊಸ ಸರಕೇನಲ್ಲ. 2007ರಲ್ಲೇ ಏಸಸ್ ಕಂಪೆನಿ ‘ಈ ಪಿಸಿ’ ಎಂಬ 7 ಇಂಚಿನದನ್ನು ತಂದಿತ್ತು. ಈಗ ಈ ದರಕ್ಕೆ ಸಾಮಾನ್ಯವಾಗಿ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಸಿಗುತ್ತದೆ.

ನಮ್ಮ ಧಂಧೆಗೆ ಇದರ ದೊಡ್ಡ ಗುಣವೊಂದನ್ನು ಅಂಗಡಿಯವನು ಹೇಳುವುದಿಲ್ಲ. ಇಂಥ ಎಷ್ಟೋ ಮಾಡೆಲ್‌ಗಳಿಗೆ ಒಳಗೆ ಫ್ಯಾನ್ ಇಲ್ಲ. ಫ್ಯಾನ್ ಇರುವ ಕಂಪ್ಯೂಟರ್ ದೋಸೆ ಕಾವಲಿಯ ಎಣ್ಣೆ ಹೊಗೆಯನ್ನೂ ಹಿಟ್ಟಿನ ಧೂಳನ್ನೂ ಎಳೆದುಕೊಂಡು ಕುಳಿತಿರುತ್ತದೆ. ಬಿಚ್ಚಿ ನೋಡಿದರೆ ನಮ್ಮ ಚಿಮಣಿಯೇ ವಾಸಿ! ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ರಾತ್ರಿ ಮನೆಗೆ ಒಯ್ದು ಹಾಲಿನವನ, ತರಕಾರಿಯವನ ಲೆಕ್ಕ ಮುಗಿಸಬಹುದು.

ಇನ್ನು ತೊಂದರೆ. ಗಲ್ಲಾದಲ್ಲಿ ಕುಳಿತವನಿಗೆ ದಿನವಿಡೀ ಅಂಕಿ ಒತ್ತುವುದೇ ಕೆಲಸ, ಇದರಲ್ಲಿ ಅಂಕಿಗಳ ಪ್ರತ್ಯೇಕ ಕೀಲಿ ಇರುವುದಿಲ್ಲ. ಬಿಲ್ ಪ್ರಿಂಟರ್, ಮೌಸ್ ಹಾಕಿದರೆ ಯುಎಸ್‌ಬಿ ಜಾಗ ಮುಗಿಯಿತು. ಅಡುಗೆಮನೆಯ ಕೆಒಟಿ ಪ್ರಿಂಟರಿಗೆ ಕೇಬಲ್ ಎಳೆಯೋಣವೆಂದರೆ ಹಲವದರಲ್ಲಿ ಲ್ಯಾನ್ ಪೋರ್ಟೇ ಇಲ್ಲ. ಬಿಲ್ಲಿಂಗ್, ಟ್ಯಾಲಿ, ಜಿಎಸ್‌ಟಿ ಪೋರ್ಟಲ್ ಒಟ್ಟಿಗೆ ತೆರೆದರೆ 4 ಜಿಬಿ ಏದುಸಿರು ಬಿಡುತ್ತದೆ. ಮಧ್ಯಾಹ್ನ ಒಂದು ಗಂಟೆಯ ರಶ್ಶಿನಲ್ಲಿ ಗಿರಾಕಿ ಕಾಯುತ್ತಾನೆಯೇ? ಕ್ರೋಮ್‌ಬುಕ್ ಅಗ್ಗವೆಂದು ತಂದರೆ ವಿಂಡೋಸಿನ ಟ್ಯಾಲಿ ಅದರಲ್ಲಿ ನೇರವಾಗಿ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ನೋಡುವವರು ಇನ್ನೂ ಜಾಗ್ರತೆ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯುವುದೋ ಎಂದು ಮೊದಲೇ ಕೇಳಬೇಕು.

ನನಗೆ ನಿಜವಾದ ಚಿಂತೆ ಬೇರೆ. ಜಿಎಸ್‌ಟಿ ಕಾನೂನಿನಂತೆ ನಮ್ಮ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸೆದಿರುವುದುಂಟು. ಬೋರ್ಡು ಸತ್ತರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕುವ ಮಾತೇ ಇಲ್ಲ. ನಾಳೆ ನೋಟಿಸು ಬಂದಾಗ ಸಿಎ ಕೇಳುವುದು ನಮ್ಮನ್ನು, ಕಂಪೆನಿಯನ್ನಲ್ಲ. ಆದ್ದರಿಂದ ಗಲ್ಲಾ ಮುಚ್ಚುವಾಗ ಪೆನ್‌ಡ್ರೈವಿಗೆ ಒಂದು ಪ್ರತಿ, ವಾರಕ್ಕೊಮ್ಮೆ ಮನೆಯಲ್ಲಿ ಇನ್ನೊಂದು ಪ್ರತಿ.

ಹತ್ತು ಟೇಬಲಿನ ಹೋಟೆಲಿಗೆ ಬಿಲ್ಲಿಂಗ್ ಮಾತ್ರವಾದರೆ ಇದು ಧಾರಾಳ ಸಾಕು. ರಶ್ ಇರುವವರು ಗಲ್ಲಾಕ್ಕೆ ಗಟ್ಟಿಯಾದದ್ದನ್ನೇ ಇಟ್ಟು ಇದನ್ನು ಲೆಕ್ಕಕ್ಕೆ ಬಳಸಲಿ, ನಾನೂ ಹಾಗೇ ಮಾಡಿರುವುದು. ಕೊಳ್ಳಲು ಹೋಗುವಾಗ ನಿಮ್ಮ ಬಿಲ್ ಪ್ರಿಂಟರನ್ನು ಜೊತೆಗೇ ಒಯ್ಯಿರಿ. ಅಂಗಡಿಯಲ್ಲೇ ಜೋಡಿಸಿ, ಒಂದು ಬಿಲ್ ತೆಗೆಸಿ ನೋಡಿ, ಆಮೇಲೆ ದುಡ್ಡು ಕೊಡಿ.