ಐದು ಸೆನ್ಸರ್, ಎರಡೇ ಲೈನ್: ಪುಲ್-ಅಪ್ ಎಲ್ಲಿ ಹಾಕೋದು?

ಒಂದೊಂದೇ ಸೆನ್ಸರ್ ಬೋರ್ಡ್ ಹಾಕಿದ್ರೆ ಚೆನ್ನಾಗಿ ಓದುತ್ತೆ, ಐದನ್ನೂ ಸೇರಿಸಿದ್ರೆ ಐ2ಸಿ ಬಸ್ ಕೈಕೊಡುತ್ತೆ. ನಾವು ಸಾಫ್ಟ್‌ವೇರ್ ಜನ, ಮೊದಲು ಕೋಡನ್ನೇ ಕೆದಕ್ತೀವಿ. ಅಡ್ರೆಸ್‌ಗಳು ಬೇರೆ ಬೇರೆ ಇದ್ದರೆ ನಾನು ಪುಲ್-ಅಪ್ ರೆಸಿಸ್ಟರ್ ನೋಡ್ತೀನಿ.

ಈ ಬಸ್‌ನಲ್ಲಿ ಚಿಪ್‌ಗಳು ಲೈನನ್ನು ಕೆಳಗೆ ಎಳೆಯುತ್ತವೆ ಅಷ್ಟೇ. ಮೇಲೆತ್ತೋದು ರೆಸಿಸ್ಟರ್ ಕೆಲಸ. ರೆಡಿಮೇಡ್ ಮಾಡ್ಯೂಲ್‌ಗಳಲ್ಲಿ ಎಷ್ಟೋ ಸಲ ಅದು ಮೊದಲೇ ಕೂತಿರುತ್ತೆ. 4.7 ಕಿಲೋಓಮ್‌ನವು ಐದು ಪ್ಯಾರಲಲ್ ಆದ್ರೆ 940 ಓಮ್. ಆಗ 3.3 ವೋಲ್ಟ್ ಲೈನನ್ನು 0.4 ವೋಲ್ಟ್‌ಗೆ ಇಳಿಸೋಕೆ ಚಿಪ್ 3 ಮಿಲಿಆಂಪ್ ದಾಟಿ ಎಳೀಬೇಕು. 100 ಕಿಲೋಹರ್ಟ್ಜ್ ಮೋಡ್‌ನಲ್ಲಿ ಗ್ಯಾರಂಟಿ ಇರೋದು 3 ಮಿಲಿಆಂಪ್‌ಗೆ ಮಾತ್ರ. ನಿಮ್ಮ ಟೇಬಲ್ ಮೇಲೆ ನಡೆದುಬಿಡಬಹುದು, ಊರಲ್ಲಿ ಅಪ್ಪನ ತೋಟದಲ್ಲಿ ನಿಂತುಹೋದ್ರೆ ರಿಪೇರಿಗೆ ಪುಣೆಯಿಂದ ಹೋಗೋರು ಯಾರು?

ಅದಕ್ಕೇ ಪ್ರತಿ ಬೋರ್ಡ್ ಲೇಔಟಲ್ಲೂ ರೆಸಿಸ್ಟರ್ ಪ್ಯಾಡ್ ಬಿಡ್ತೀನಿ, ಬೆಸುಗೆ ಹಾಕೋದು ಮೇನ್ ಬೋರ್ಡಲ್ಲಿ ಮಾತ್ರ. ಹಾಗಂತ ತೀರಾ ದೊಡ್ಡ ರೆಸಿಸ್ಟರೂ ಬೇಡ. ಟ್ರೇಸು, ಕೇಬಲ್ಲು, ಪಿನ್ನು ಎಲ್ಲ ಸೇರಿ 400 ಪಿಕೋಫ್ಯಾರಡ್ ಆದ್ರೆ 4.7 ಕಿಲೋಓಮ್‌ಗೇ ಲೈನ್ ಏರೋಕೆ ಸುಮಾರು 1.6 ಮೈಕ್ರೋಸೆಕೆಂಡ್ ಹಿಡಿಯುತ್ತೆ, ಮಿತಿ 1. ಟ್ರೇಸ್ ಗಿಡ್ಡ ಇರಲಿ. ಎಸ್‌ಡಿಎ, ಎಸ್‌ಸಿಎಲ್ ಮಧ್ಯೆ ಗ್ರೌಂಡ್ ಓಡಿಸಿ.