ಕಾಡಿಗೆ ಅಂತ ಕೊಟ್ಟ ವೋಟು, ಸಂಬಳಕ್ಕೆ ಹೋದ ದುಡ್ಡು

ಜನರೇ ವೋಟು ಹಾಕಿ 'ಈ ದುಡ್ಡು ಕಾಡು, ನೀರು, ಜೌಗುಭೂಮಿ ಉಳಿಸೋಕೆ' ಅಂತ ಹೇಳಿದ ಮೇಲೂ ಸರ್ಕಾರ ಅದನ್ನು ಬಜೆಟ್‌ನ ತೂತು ಮುಚ್ಚಲು ಬಳಸಬಹುದಾ? ಬಳಸಬಹುದು. ಅಮೆರಿಕದ ಫ್ಲೋರಿಡಾದಲ್ಲಿ ರಾಜ್ಯ ಸರ್ಕಾರವೂ ಬಳಸಿದೆ, ಕೆಳಗಿನ ಒಂದು ಕೌಂಟಿಯೂ ಬಳಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಂಥ ಕೆಲಸ ಹೇಗೆ ದಕ್ಕುತ್ತೆ ಅನ್ನೋದು ಗೊತ್ತಾಗುತ್ತೆ.

ಮೊದಲು ರಾಜ್ಯದ ಕಥೆ. ಫ್ಲೋರಿಡಾದಲ್ಲಿ ಸಂರಕ್ಷಣೆಗೆ ಭೂಮಿ ಕೊಳ್ಳುವ 'ಫ್ಲೋರಿಡಾ ಫಾರೆವರ್' ಅನ್ನೋ ಯೋಜನೆ ಇದೆ. ಒಂದು ಕಾಲಕ್ಕೆ ಅದಕ್ಕೆ ವರ್ಷಕ್ಕೆ 30 ಕೋಟಿ ಡಾಲರ್ ಸಿಗುತ್ತಿತ್ತು. 2008ರ ಆರ್ಥಿಕ ಕುಸಿತದ ನಂತರ ಶಾಸಕರು ಅದನ್ನು ಹೆಚ್ಚುಕಮ್ಮಿ ಬರಿದು ಮಾಡಿದರು. ಇವರನ್ನು ನಂಬಿ ಕೂತರೆ ಆಗಲ್ಲ ಅಂತ ಪರಿಸರ ಸಂಘಟನೆಗಳು ಸಹಿ ಸಂಗ್ರಹಿಸಿ, ವಿಷಯವನ್ನು ನೇರವಾಗಿ ಮತದಾರರ ಮುಂದೆ ಇಟ್ಟವು. ಅದೇ 2014ರ 'ತಿದ್ದುಪಡಿ 1'. ಆಸ್ತಿ ಮಾರಾಟ, ಸಾಲದ ಪತ್ರಗಳ ಮೇಲೆ ಬರುವ ಮುದ್ರಾಂಕ ಶುಲ್ಕದ ನಿವ್ವಳ ಆದಾಯದಲ್ಲಿ ಶೇ 33ರಷ್ಟನ್ನು 20 ವರ್ಷ ಭೂ ಸಂರಕ್ಷಣೆಗೆ ಮೀಸಲಿಡಬೇಕು ಅನ್ನೋದು ಅದರ ತಿರುಳು. ಹೊಸ ತೆರಿಗೆ ಏನೂ ಇಲ್ಲ. ಶೇ 75ರಷ್ಟು ಮತದಾರರು ಒಪ್ಪಿದರು. ಇದು ಸೇರಿದ್ದು ಸಾಮಾನ್ಯ ಕಾನೂನಿಗಲ್ಲ, ರಾಜ್ಯದ ಸಂವಿಧಾನಕ್ಕೆ. ಈ ಹಣವನ್ನು ಸಾಮಾನ್ಯ ಖಜಾನೆಯ ಜೊತೆ ಬೆರೆಸಬಾರದು ಅನ್ನೋ ಸಾಲೂ ಅಲ್ಲೇ ಇದೆ.

ಇಷ್ಟು ಭದ್ರವಾಗಿದ್ದರೂ ಮೊದಲ ವರ್ಷದಲ್ಲೇ ದಾರಿ ಸಿಕ್ಕಿಬಿಟ್ಟಿತು. 2015-16ರಲ್ಲಿ ನಿಧಿಗೆ 70 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಭೂಮಿ ಕೊಳ್ಳುವ ಫ್ಲೋರಿಡಾ ಫಾರೆವರ್‌ಗೆ ಕೊಟ್ಟಿದ್ದು 2 ಕೋಟಿಗೂ ಕಡಿಮೆ. ದೊಡ್ಡ ಪಾಲು ಇಲಾಖೆಗಳ ಸಂಬಳ, ವಿಮೆ, ಐಟಿ ಥರದ ನಿತ್ಯದ ಖರ್ಚಿಗೆ ಹೋಯಿತು. ತಿದ್ದುಪಡಿಯಲ್ಲಿ ಭೂಮಿಯನ್ನು 'ಪಡೆಯಲು, ಪುನಶ್ಚೇತನಗೊಳಿಸಲು, ಉತ್ತಮಪಡಿಸಲು, ನಿರ್ವಹಿಸಲು' ಅಂತ ನಾಲ್ಕು ಕ್ರಿಯಾಪದಗಳಿದ್ದವು. ಶಾಸಕರು ನಾಲ್ಕನೆಯದನ್ನು ಹಿಡಿದುಕೊಂಡರು. ಅರಣ್ಯ ನಿರ್ವಹಣೆಗೆ ಸಿಬ್ಬಂದಿ ಬೇಕು, ಸಿಬ್ಬಂದಿಗೆ ಸಂಬಳ ಬೇಕು, ಸಂಬಳ ಅಂದರೆ ನಿರ್ವಹಣೆ ತಾನೇ?

ವಾದದಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳಲ್ಲ. ಕೊಂಡ ಕಾಡನ್ನು ನೋಡಿಕೊಳ್ಳೋಕೆ ಜನ ಬೇಕೇ ಬೇಕು. ಆದರೆ ಅದೇ ಸಂಬಳ ಹಿಂದಿನ ವರ್ಷ ಸಾಮಾನ್ಯ ಖಜಾನೆಯಿಂದ ಹೋಗುತ್ತಿತ್ತು. ಅದನ್ನು ಈ ನಿಧಿಯ ತಲೆಗೆ ಕಟ್ಟಿದರೆ ಖಜಾನೆಯಲ್ಲಿ ಅಷ್ಟೇ ದುಡ್ಡು ಬಿಡುಗಡೆಯಾಗುತ್ತೆ, ಅದನ್ನು ಎಲ್ಲಿಗೆ ಬೇಕಾದರೂ ಹರಿಸಬಹುದು. ಅದೇ ವರ್ಷ ಫ್ಲೋರಿಡಾ 40 ಕೋಟಿ ಡಾಲರ್‌ಗೂ ಮೀರಿದ ತೆರಿಗೆ ಕಡಿತ ಮಾಡಿತ್ತು. ಕಾಗದದ ಮೇಲೆ ಎರಡು ಖಾತೆಗಳೂ ಬೆರೆತಿಲ್ಲ. ಕಾಡಿನ ಹೆಸರಿನ ನಿಧಿಗೆ ದುಡ್ಡು ಬಂದಿದೆ, ಕಾಡಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಮಾತ್ರ ಅತ್ಯಲ್ಪ. (ನಮ್ಮಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಗ್ಯಾರಂಟಿ ಯೋಜನೆಗಳಿಗೆ ಹೋದಾಗ ಎದ್ದ ಜಗಳ ಫಾಲೋ ಮಾಡಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.)

ಸಂಘಟನೆಗಳು ಕೋರ್ಟಿಗೆ ಹೋದವು. 2018ರಲ್ಲಿ ಕೆಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು: ತಿದ್ದುಪಡಿ ಬಂದ ಮೇಲೆ ಕೊಂಡ ಭೂಮಿಗೆ ಮಾತ್ರ ಈ ಹಣ. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಪದಗಳಲ್ಲಿ ಅಂಥ ಮಿತಿ ಇಲ್ಲ ಅಂತು. 2022ರ ಜನವರಿಯಲ್ಲಿ ಇನ್ನೊಬ್ಬ ನ್ಯಾಯಾಧೀಶರು ಪ್ರಕರಣವನ್ನೇ ವಜಾ ಮಾಡಿದರು. ಕಾರಣ? ವಿವಾದದ ಹಣ ಅಷ್ಟರಲ್ಲಿ ಖರ್ಚಾಗಿ ಹೋಗಿತ್ತು. ಏಳು ವರ್ಷ ಓಡಾಡಿ ಸಿಕ್ಕ ಉತ್ತರ ಇದು!

ಈಗ ಕೌಂಟಿಗೆ ಬರೋಣ. ರಾಜ್ಯದ ನೈಋತ್ಯ ಮೂಲೆಯ ಕೊಲಿಯರ್ ಕೌಂಟಿಯಲ್ಲಿ, ನೇಪಲ್ಸ್ ನಗರ ಇರೋ ಕಡೆ, 2002ರಲ್ಲಿ ಮತದಾರರು ತಮ್ಮ ಆಸ್ತಿ ತೆರಿಗೆಯನ್ನು ತಾವೇ ಏರಿಸಿಕೊಂಡು 'ಕನ್ಸರ್ವೇಶನ್ ಕೊಲಿಯರ್' ಶುರು ಮಾಡಿದರು. ತೆರಿಗೆ ಹಾಕಬಹುದಾದ ಪ್ರತಿ 1,000 ಡಾಲರ್ ಮೌಲ್ಯಕ್ಕೆ 25 ಸೆಂಟ್, ಅಷ್ಟೇ. ಇಮೊಕಲೀ ಬಳಿಯ 2,500 ಎಕರೆಗೂ ದೊಡ್ಡ ಪೆಪರ್ ರಾಂಚ್ ಉಳಿದಿದ್ದು ಈ ದುಡ್ಡಲ್ಲಿ. ಇದು ಅಳಿವಿನಂಚಿನ ಫ್ಲೋರಿಡಾ ಪ್ಯಾಂಥರ್ ಓಡಾಡುವ ಸೀಮೆ. 2020ರಲ್ಲಿ ಮತ್ತೆ ಕೇಳಿದಾಗ ಮುಕ್ಕಾಲು ಪಾಲಿಗೂ ಹೆಚ್ಚು ಜನ ಇನ್ನೂ 10 ವರ್ಷಕ್ಕೆ ಹೂಂ ಅಂದರು.

2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಬಡಿಯಿತು. ಮರುವರ್ಷದ ಬಜೆಟ್‌ನಲ್ಲಿ ಐದು ಜನರ ಕೌಂಟಿ ಮಂಡಳಿಗೆ ತೆರಿಗೆ ದರ ಇಳಿಸುವ ಆಸೆಯೂ ಇತ್ತು, ಖರ್ಚಿನ ಒತ್ತಡವೂ ಇತ್ತು. ಕಣ್ಣು ಬಿದ್ದಿದ್ದು ಸಂರಕ್ಷಣಾ ನಿಧಿಯ ಮೇಲೆ. ಕೋಟಿಗಟ್ಟಲೆ ಡಾಲರ್ ಅಲ್ಲಿಂದ ಬೇರೆ ಲೆಕ್ಕಗಳಿಗೆ ಹೋಯಿತು. ಇಲ್ಲಿ ಕ್ರಿಯಾಪದಗಳ ಕಸರತ್ತೂ ಅಷ್ಟಾಗಿ ಬೇಕಿರಲಿಲ್ಲ. ಜನ ಒಪ್ಪಿದ್ದು ತೆರಿಗೆಯನ್ನು. ನಿಧಿಯ ನಿಯಮಗಳು ಇರೋದು ಕೌಂಟಿಯ ಉಪಕಾನೂನಿನಲ್ಲಿ, ಅದನ್ನು ಬರೆಯೋದೂ ತಿದ್ದೋದೂ ಅದೇ ಮಂಡಳಿ.

ಹೀಗೆ ಕೈಹಾಕುವವರು ಸಾಮಾನ್ಯವಾಗಿ ಕೊಡುವ ಸಮರ್ಥನೆ ಒಂದಿದೆ: ನಿಧಿಯಲ್ಲಿ ದುಡ್ಡು ಸುಮ್ಮನೆ ಕೂತಿದೆ. ನನಗೆ ಇದೇ ಹೆಚ್ಚು ಅಪಾಯಕಾರಿ ಅನ್ಸುತ್ತೆ. ಭೂಮಿ ಕೊಳ್ಳೋದು ತರಕಾರಿ ಕೊಂಡಂಗಲ್ಲ. ಮಾಲೀಕ ಒಪ್ಪಬೇಕು, ಬೆಲೆ ನಿಗದಿಯಾಗಬೇಕು, ಅಲ್ಲಿಯವರೆಗೆ ದುಡ್ಡು ಕೈಯಲ್ಲಿ ಇರಲೇಬೇಕು. ಅದು ಖಾಲಿ ಇದ್ದಾಗ ರಾಂಚ್ ಮಾರಾಟಕ್ಕೆ ಬಂದರೆ ಬಿಲ್ಡರ್ ಕೊಳ್ಳುತ್ತಾನೆ. ಮುಂದಿನ ವರ್ಷ ದುಡ್ಡು ವಾಪಸ್ ಹಾಕಿದರೂ ಅಲ್ಲಿ ಎದ್ದ ಮನೆಗಳನ್ನು ಯಾರೂ ಕೆಡವಲ್ಲ. ನಿಜಕ್ಕೂ ತುರ್ತು ಇದ್ದರೆ ಅದೇ ಮತದಾರರ ಹತ್ತಿರ ಹೋಗಿ ಕೇಳಬಹುದಲ್ಲ? ಅದನ್ನು ಮಂಡಳಿ ಮಾಡಲಿಲ್ಲ.

ಹಾಗಾಗಿ ಇಂಥ ಪ್ರಸ್ತಾವ ಬಂದಾಗ ಶೇಕಡಾ ಎಷ್ಟು ಅನ್ನೋದಕ್ಕಿಂತ ಮೊದಲು ನಾನು ಹುಡುಕೋದು ಬೇರೆ ಸಾಲುಗಳನ್ನು: ಈಗಾಗಲೇ ಕೊಡುತ್ತಿರುವ ಹಣವನ್ನು ಕಡಿತ ಮಾಡಬಾರದು ಅಂತ ಇದೆಯಾ, ಕೊಳ್ಳೋಕೆ ಕನಿಷ್ಠ ಎಷ್ಟು ಅಂತ ಇದೆಯಾ, ನಿಯಮ ಬದಲಿಸೋಕೆ ಮತ್ತೆ ಮತದಾನ ಬೇಕಾ. ಕೊಲಿಯರ್‌ನವರು 2020ರಲ್ಲಿ ಕೊಟ್ಟ ಹತ್ತು ವರ್ಷದ ಒಪ್ಪಿಗೆ ಈ ದಶಕದ ಕೊನೆಯ ಹೊತ್ತಿಗೆ ಮುಗಿಯುತ್ತೆ, ರಾಜ್ಯದ ತಿದ್ದುಪಡಿಯ ಅವಧಿ 2035ರಲ್ಲಿ. ಎರಡನ್ನೂ ಮುಂದುವರಿಸಬೇಕಾದರೆ ಮತ್ತೆ ಜನರ ಮುಂದೆಯೇ ಹೋಗಬೇಕು.