ಬಸದಿ ಬೀದಿಯ ಊರು ಮೂಡುಬಿದಿರೆ

ಮೂಡುಬಿದಿರೆಗೆ ಬಂದವರು ಸಾವಿರ ಕಂಬದ ಬಸದಿ ನೋಡಿ, ಫೋಟೊ ತೆಗೆದುಕೊಂಡು, ಕಾರ್ಕಳದ ಬಸ್ಸು ಹತ್ತಿಬಿಡುತ್ತಾರೆ. ಊರನ್ನು ನೋಡುವವರು ಕಡಿಮೆ. ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಈ ಪುಟ್ಟ ಪೇಟೆಗೆ ಒಂದಿಡೀ ದಿನ ಬಿಡುವು ಮಾಡಿಕೊಂಡು ಬರಬೇಕು.

ಬಸ್ ನಿಲ್ದಾಣದಲ್ಲಿ ಕಾಲೇಜು ಮಕ್ಕಳ ಗದ್ದಲ. ಅಲ್ಲಿಂದ ಜೈನಪೇಟೆಗೆ ತಿರುಗಿದರೆ ಸದ್ದು ಅಡಗುತ್ತದೆ. ಊರಿನಲ್ಲಿ 18 ಬಸದಿಗಳಿವೆ; ಹಲವು ಈ ಬೀದಿಯ ಮನೆಗಳ ಸಾಲಿನಲ್ಲೇ ನಿಂತಿವೆ. ಬೆಳಿಗ್ಗೆ ಬಸದಿಯ ಅರ್ಚಕರಾದ ಇಂದ್ರರು ಬಾಗಿಲು ತೆಗೆದು ಪೂಜೆಗೆ ತೊಡಗುತ್ತಾರೆ. ಸಂಪ್ರದಾಯ ಬಿಡದ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿದಿರುತ್ತದೆ. 1430ರಲ್ಲಿ, ವಿಜಯನಗರದ ಕಾಲದಲ್ಲಿ ಎದ್ದ ಸಾವಿರ ಕಂಬದ ಬಸದಿಯೂ ಇಲ್ಲಿನ ಮನೆಗಳ ನೆಂಟನೇ: ಕೆಳಗೆ ಕಲ್ಲು, ಮೇಲೆ ಮರ, ಮಳೆನೀರು ಜಾರಿಹೋಗಲು ಇಳಿಜಾರು ಮಾಡು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಗುರು ಬಸದಿ. ಸಿದ್ಧಾಂತ ಬಸದಿ ಎಂಬ ಹೆಸರೂ ಅದಕ್ಕಿದೆ. ದಿಗಂಬರ ಜೈನರ ಮೂಲ ಗ್ರಂಥ ಷಟ್ಖಂಡಾಗಮ. ಅದಕ್ಕೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಟೀಕೆ ಧವಲಾ. ಇವುಗಳ ಹಳೆಯ ತಾಳೆಗರಿ ಪ್ರತಿಗಳು ಉಳಿದುಬಂದದ್ದು ಈ ಬಸದಿಯಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳೆಯ ಕನ್ನಡದ್ದು. ಬಹುಕಾಲ ಅವು ಓದಿಗಿಂತ ದರ್ಶನಕ್ಕೆ ಮೀಸಲಾಗಿದ್ದವು. 19ನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. ಧವಲಾದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಷ್ಟು ಕಾಲ ಮುಚ್ಚಿಟ್ಟರಲ್ಲ ಎಂದು ಆಕ್ಷೇಪಿಸಬಹುದು. ನನಗೆ ಮೊದಲು ಮೂಡುವುದು ಕೃತಜ್ಞತೆ. ಮಳೆಗಾಲದಲ್ಲಿ ಗೋಡೆಗೇ ಪಾಚಿ ಹತ್ತುವ ಊರಿದು. ಇಲ್ಲಿ ಗರಿಗಳು ಶತಮಾನಗಟ್ಟಲೆ ಉಳಿದಿವೆಯೆಂದರೆ ತಲೆಮಾರು ತಲೆಮಾರಾಗಿ ಅವನ್ನು ಹುಳುವಿನಿಂದ, ತೇವದಿಂದ ಕಾದ ಕೈಗಳಿದ್ದವು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಇಲ್ಲಿ ಹಳೆಯದು ಉಳಿದಿರುವುದು ಬಳಕೆಯಲ್ಲಿರುವುದರಿಂದಲೇ. ಹಿಂದೆ ಈ ಸೀಮೆಯನ್ನು ಆಳಿದ ಚೌಟ ಅರಸರ ಅರಮನೆಯಲ್ಲಿ ಆ ವಂಶದವರು ಇಂದಿಗೂ ಬಾಳುತ್ತಿದ್ದಾರೆ. ಒಂಬತ್ತು ಹೆಂಗಳೆಯರು ಸೇರಿ ಆನೆಯಾದ, ಐವರು ಸೇರಿ ಕುದುರೆಯಾದ ಹೆಸರಾಂತ ಕೆತ್ತನೆಗಳಿರುವುದು ಅಲ್ಲಿನ ಮರದ ಕಂಬಗಳಲ್ಲಿ. ಪೋರ್ಚುಗೀಸರಿಗೆ ಎದುರುನಿಂತ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಮನೆತನದವಳು. ‘ಭರತೇಶ ವೈಭವ’ದ ಕವಿ ರತ್ನಾಕರವರ್ಣಿಯೂ ಈ ಊರಿನವನು.

ಸಂಜೆಗೆ ಮೊದಲು ಪಕ್ಕದ ಕೊಡಂಗಲ್ಲಿಗೆ ಹೋಗಿಬನ್ನಿ. ಜೈನ ಮುನಿಗಳ ಸಮಾಧಿಗಳು ಅಲ್ಲಿವೆ, ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಹೋಗುವ ಕಟ್ಟಡಗಳು. ಮಕ್ಕಳನ್ನು ಅವುಗಳ ಮೇಲೆ ಹತ್ತಲು ಬಿಡಬೇಡಿ. ಮುರಕಲ್ಲು ಬೇಗ ಉದುರುತ್ತದೆ.